ಕಾಲರ್ ಸಾಲಿನ ಅತ್ತೆ ಸೊಸೆ

"ಎಂಟು ಗಂಟೆಗಿಂತ ಹೆಚ್ಚು ಹೊತ್ತು ದುಡಿಸ್ಕೊಳ್ತಾರಾ? ಅದಕ್ಕೆ ಓವರ್‌ಟೈಮ್ ಕೊಡ್ತಾರಾ?" ಕಾರ್ಮಿಕ ಇಲಾಖೆಯ ಅಧಿಕಾರಿ ಕೇಳಿದಾಗ ಹೊಲಿಗೆ ಮಷಿನ್‌ಗಳೆಲ್ಲ ಒಮ್ಮೆಲೇ ನಿಂತವು. ಮಾಲೀಕ ಪಕ್ಕದಲ್ಲೇ ಇದ್ದ.

ಕಾಲರ್ ಹೊಲಿಯುತ್ತಿದ್ದ ಸೊಸೆ ಏಳಲು ಹೋದಳು. ಪಕ್ಕದ ಮಷಿನ್‌ನಲ್ಲಿದ್ದ ಅತ್ತೆ ತಟ್ಟನೆ ಅವಳ ಕೈ ಹಿಡಿದಳು. ಸೊಸೆಯನ್ನು ಇಲ್ಲಿ ಕೆಲಸಕ್ಕೆ ಸೇರಿಸಿದ ದಿನದಿಂದ ಅತ್ತೆಯದು ಒಂದೇ ಮಾತು: "ಬಾಯಿ ಮುಚ್ಕೊಂಡಿರು." ಈಗಲೂ ಅದನ್ನೇ ಹೇಳ್ತಾಳೆ ಎಂದುಕೊಂಡ ಸೊಸೆಗೆ ಅಳುವೇ ಬಂತು.

"ನೀನು ಕೂತ್ಕೋ. ಕೆಲಸ ಹೋದ್ರೆ ನಂದು ಹೋಗ್ಲಿ," ಎಂದು ಪಿಸುಗುಟ್ಟಿದ ಅತ್ತೆ ತಾನೇ ಎದ್ದು ನಿಂತಳು. "ಹೌದು ಸಾರ್, ದಿನಾ ಎರಡು ಗಂಟೆ ಜಾಸ್ತಿ ದುಡೀತೀವಿ. ಇದುವರೆಗೂ ಒಂದು ಕಾಸು ಕೊಟ್ಟಿಲ್ಲ."

ಅವಳ ಕಾಲು ಗಡಗಡ ನಡುಗುತ್ತಿತ್ತು. ಸೊಸೆ ಎದ್ದು ಅವಳ ಸೊಂಟವನ್ನು ಬಳಸಿ ಹಿಡಿದಳು.

"ಬಿಡಬೇಡ ಕಣೇ, ಬಿದ್ಬಿಡ್ತೀನಿ," ಎಂದಳು ಅತ್ತೆ.