ಕವಳಿ ಗಿಡದ ಕೂಗು

ಕವಳಿ ಹಣ್ಣು ಮಾಗಿದರೆ ಕೂಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ಗಿಡಕ್ಕೆ ದಿನಾ ನೀರು ಹಾಕುವವರ ದನಿಯಲ್ಲೇ ಕೂಗುತ್ತದೆ, ಕಿತ್ತರೆ ಸುಮ್ಮನಾಗುತ್ತದೆ. ಬಾಳವ್ವನ ಹಿತ್ತಲಲ್ಲಿ ನೀರು ಹಾಕುವವಳು ಅವಳ ಪುಟ್ಟ ಮಗಳು ಸಾವಂತ್ರಿ.

“ಅವ್ವಾ, ಲಗೂ ಬಾ!” ಹಿತ್ತಲಿಂದ ಕೂಗು ಬಂತು.

“ತಡಿಯವಾ, ಭಾಳ ಅವಸರ ನಿಂದು. ರೊಟ್ಟಿ ಮುಗೀಲಿ,” ಎಂದು ಬಾಳವ್ವ ನಗುತ್ತಲೇ ರೊಟ್ಟಿ ಬಡಿದಳು.

“ಅವ್ವಾ! ಅವ್ವಾ!”

“ಅತ್ತೀ, ಹಣ್ಣು ಇವತ್ತ ಏನ್ ಚೀರ್ತಾವ್ರಿ! ಒಂದೀಟು ಕಿತ್ಕೊಂಡ್ ಬರ್ರಿ,” ಎಂದು ಬಾಳವ್ವ ಅತ್ತೆಗೆ ಹೇಳಿದಳು.

ಅತ್ತೆ ಉಪ್ಪಿನಕಾಯಿ ಭರಣಿಯಿಂದ ತಲೆ ಎತ್ತಿದಳು. “ಯಾವ ಹಣ್ಣವಾ? ಮುಂಜಾನೇನ ಕಾಯಿ ಎಲ್ಲಾ ಕಿತ್ತು ಉಪ್ಪು ಹಾಕೀನಿ. ಗಿಡದಾಗ ಒಂದೂ ಉಳಿದಿಲ್ಲ.”

ಬಾಳವ್ವನ ಕೈಯ ರೊಟ್ಟಿ ನೆಲಕ್ಕೆ ಬಿತ್ತು. “ಸಾವಂತ್ರೀ!” ಎನ್ನುತ್ತಾ ಹಿತ್ತಲ ಕಡೆ ಓಡಿದಳು. ಅವಳು ಬಾಗಿಲು ತೆರೆಯುವಷ್ಟರಲ್ಲಿ, ಯಾರೋ ಹಣ್ಣು ಕಿತ್ತ ಹಾಗೆ, ಕೂಗು ತಟ್ಟನೆ ನಿಂತಿತು.