ಹಾಯಿದೋಣಿ ಸೋರಿದ್ದೆಲ್ಲಿ

"ಈಗ ಬಂತೇನು?" ಮಾರ್ತಾಂಡ ಕಿಟಕಿಯ ಅಂಚಿಗೆ ಇನ್ನೊಂದು ಮಗ್ ನೀರು ಸುರಿದು ಕೂಗಿದ.

"ಇಲ್ರಿ," ಎಂದಳು ಹೆಂಡತಿ ವರದಾ, ಹಾಯಿದೋಣಿಯ ಪುಟ್ಟ ಕೋಣೆಯೊಳಗಿಂದ. ಮಳೆಯಲ್ಲಿ ದೋಣಿ ಬಿಟ್ಟಾಗಲೆಲ್ಲ ನೆನೆಯುತ್ತಿದ್ದ ಹಾಸಿಗೆಯ ಪಕ್ಕ ಅವಳು ಟಾರ್ಚ್ ಹಿಡಿದು ಕೂತಿದ್ದಳು. ಐವತ್ತು ದಾಟಿದ ಮೇಲೆ ಪುಣೆ ಹತ್ತಿರದ ಖಡಕವಾಸಲಾ ಅಣೆಕಟ್ಟಿನ ಹಿನ್ನೀರಿನಲ್ಲಿ ಅವಳು ಹಾಯಿ ಬಿಡಲು ಕಲಿತದ್ದು ಇದೇ ದೋಣಿಯಲ್ಲಿ. ಸೋರುವ ಜಾಗ ಇವತ್ತೂ ಸಿಗದಿದ್ದರೆ ಮಾರಿಬಿಡೋಣ ಎಂದು ಮಾರ್ತಾಂಡ ಬೆಳಿಗ್ಗೆ ಹೇಳಿದ್ದ. ಅವಳು ಟಾರ್ಚಿಗೆ ಹೊಸ ಸೆಲ್ ಹಾಕಿಕೊಂಡಿದ್ದಳು.

ಅವನು ಬಾಗಿಲ ಸಂದಿಗೆ ಸುರಿದ, ಹಾಯಿಗಂಬದ ಬುಡಕ್ಕೂ ಸುರಿದ. ಒಳಗೆ ಒಂದು ಹನಿಯೂ ಬೀಳಲಿಲ್ಲ. ಮಳೆಗಾಲವಿಡೀ ಕಂಡಕಂಡ ಬಿರುಕಿಗೆಲ್ಲ ಸಿಲಿಕೋನ್ ಮೆತ್ತಿ ರೋಸಿಹೋಗಿದ್ದ ಅವನು ಮಗ್ಗನ್ನು ನೀರಿಗೆ ಎಸೆದುಬಿಟ್ಟ. "ಸಾಕಾತು ನಂಗ! ನಾಳೆನ ಮಾರೂಣು ಇದನ್ನ," ಎಂದು ಒದ್ದೆ ಡೆಕ್ಕಿನ ಅಂಚಿನಲ್ಲಿ ಧೊಪ್ಪನೆ ಕುಳಿತ.

"ಬಂತು! ಬಂತ್ರಿ!" ವರದಾ ಒಳಗಿಂದ ಚೀರಿದಳು. "ಏನ್ ಮಾಡಿದ್ರಿ?"

"ಏನಿಲ್ಲ. ಕುಂತೆ ಅಷ್ಟ."

"ಒಮ್ಮೆ ಏಳ್ರಿ." ಅವನು ಎದ್ದ, ಹನಿ ನಿಂತಿತು. "ಈಗ ಕೂಡ್ರಿ." ಮತ್ತೆ ತೊಟ್ಟಿಕ್ಕತೊಡಗಿತು.

ಮಾರ್ತಾಂಡ ಕಾಲು ಸರಿಸಿ ಬಗ್ಗಿ ನೋಡಿದ. ಅವನ ಭಾರಕ್ಕೆ ಡೆಕ್ ತುಸುವೇ ಬಾಗಿ, ಹಾಯಿಗಂಬದ ತಂತಿ ಬಿಗಿದಿದ್ದ ಬೋಲ್ಟಿನ ಸುತ್ತ ಕೂದಲೆಳೆಯಷ್ಟು ಸಂದಿ ಬಿಡುತ್ತಿತ್ತು. ಅಲ್ಲಿ ನಿಂತ ನೀರು ಮೆಲ್ಲಗೆ ಒಳಗಿಳಿಯುತ್ತಿತ್ತು.

"ನಾಳೆ ಮಾರೂದ ಏನ್ರಿ?" ಕೆಳಗಿನಿಂದ ಸಣ್ಣ ದನಿ ಬಂತು.

"ಮೊದಲ ಬೋಲ್ಟ್ ಬಿಚ್ಚೂ ಪಾನಾ ಕೊಡು," ಎಂದು ಅವನು ಕಿಟಕಿಯೊಳಗೆ ಕೈ ಚಾಚಿದ.