ಹತ್ತನೆಯ ವಾಕ್ಯ

ದನಿ ಕಳೆದುಕೊಂಡವರ ದೂರು ಬರೆದುಕೊಳ್ಳುವ ಕೌಂಟರಿನಲ್ಲಿ ಚಂಪಾವತಿಯ ಸರದಿ ಬಂತು. ಕಬಡ್ಡಿ ಪಂದ್ಯಗಳಿಗೆ ವೀಕ್ಷಕ ವಿವರಣೆ ಹೇಳುತ್ತಿದ್ದ ಅವಳು ನಡೆದದ್ದನ್ನು ಚೀಟಿಯಲ್ಲಿ ಬರೆದುಕೊಟ್ಟಳು. ಹೊಸ ವಿಡಿಯೊ ಗೇಮಿನ ಕೋಡ್ ಪುಕ್ಕಟೆ ಕೊಡುತ್ತೇವೆ, ನೀವು ಮನುಷ್ಯರೆಂದು ತೋರಿಸಲು ಹತ್ತು ವಾಕ್ಯ ಓದಿ ಎಂದು ಫೋನಿನಲ್ಲಿ ಸಂದೇಶ ಬಂದಿತ್ತು. ಹತ್ತನೆಯದು ಮುಗಿಯುತ್ತಲೇ ಅವಳ ದನಿ ಹೋಯಿತು. ಟಿವಿಗೆ ಜೋಡಿಸಿ ಆಡುವ ಅವಳ ಗೇಮ್ ಕನ್ಸೋಲ್‌ನಲ್ಲಿ ಕೋಡ್ ಕೆಲಸ ಮಾಡಲಿಲ್ಲ.

ಗುಮಾಸ್ತ ಚೀಟಿಯನ್ನು ಅವಳತ್ತ ಎಸೆದ. “ಆ ಗೇಮ್ ನಿಮ್ಮ ಕನ್ಸೋಲ್‌ನಾಗ ಆಡಾಕ ಬರೂದೇ ಇಲ್ಲ. ಬ್ಯಾರೆ ಕಂಪನಿ ಕನ್ಸೋಲಿಗಷ್ಟೇ ಮಾಡ್ಯಾರ. ಇಲ್ಲದ್ದಕ್ಕ ಯಾವನು ಕೋಡ್ ಕೊಡ್ತಾನ? ಓದಿದವ್ರ ಅದೀರಿ, ಅಷ್ಟೂ ತಿಳೀಲಿಲ್ಲ? ಹೋದ ದನಿ ತಿರುಗಿ ಬರೂದಿಲ್ಲ. ಮುಂದಿನವ್ರು ಬರ್ರಿ!”

ಅವಳು ಹೊರಗೆ ಬಂದಳು. ಮೆಟ್ಟಿಲ ಮೇಲೆ ಕೂತಿದ್ದ ಆಟೋದವನ ಫೋನಿನಿಂದ ಅವಳದೇ ದನಿ ಕೇಳಿಸಿತು: “ಪುಕ್ಕಟೆ ಕೋಡ್ ಬೇಕೇ? ಇನ್ನೊಂದೇ ವಾಕ್ಯ ಓದಿ.”

ಅವನು ಬಾಯಿ ತೆರೆದ. ಚಂಪಾವತಿ ಫೋನ್ ಕಸಿದು ಗೋಡೆಗೆ ಬಡಿದಳು.

“ಏಯ್ ಹುಚ್ಚೀ! ತಲಿ ಕೆಟ್ಟೈತೇನ ನಿನಗ?” ಅವನು ಅವಳ ರಟ್ಟೆ ಹಿಡಿದು ಜಗ್ಗಿದ, ಬೀದಿಗೆಲ್ಲ ಕೇಳುವಂತೆ ಬೈದ.

ಅವಳು ಬಿಡಿಸಿಕೊಳ್ಳಲಿಲ್ಲ. ಪ್ರತಿಯೊಂದು ಬೈಗುಳವನ್ನೂ ನಿಂತು ಕೇಳಿಸಿಕೊಂಡಳು. ಅವನ ದನಿ ಇನ್ನೂ ಅವನ ಗಂಟಲಲ್ಲೇ ಇತ್ತು.